ಒಂಬತ್ತು ಸಾಲಿನ ಸುದ್ದಿ, ಮೂವತ್ತು ವರ್ಷದ ಕೋತಿಗಳು: ಆರೋಗ್ಯ ಪುಟದ ಸಂಪಾದಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಪಾದಕರೇ,

ನಮಸ್ಕಾರ. ನಾನು ವಿಜ್ಞಾನಿ ಅಲ್ಲ, ಡಾಕ್ಟರೂ ಅಲ್ಲ. ವಯಸ್ಸಾದ ತಂದೆಯನ್ನು ನೋಡಿಕೊಳ್ಳುತ್ತಿರುವ ಮಗಳು. ಈ ಪತ್ರ ಯಾವುದೋ ಒಂದು ಪತ್ರಿಕೆಗೆ ಅಂತ ಬರೆದದ್ದಲ್ಲ. ಆರೋಗ್ಯದ ಸುದ್ದಿ ಆರಿಸಿ, ಚಿಕ್ಕದು ಮಾಡಿ, ಅದಕ್ಕೆ ತಲೆಬರಹ ಕೊಡುವ ಎಲ್ಲರಿಗೂ ಬರೆಯುತ್ತಿದ್ದೇನೆ.

ನನ್ನ ಮುಂದೆ ಮೇಜಿನ ಮೇಲೆ ಒಂದು ಪೇಪರ್ ತುಣುಕು ಇದೆ. ಅಂಗೈ ಅಗಲದ್ದು. ಮಡಿಕೆ ಬಿದ್ದ ಕಡೆ ಹರಿದಿದೆ, ಹಿಂದಿನಿಂದ ಟೇಪ್ ಹಚ್ಚಿದ್ದಾರೆ. ‘ಕಡಿಮೆ ತಿನ್ನಿ, ಹೆಚ್ಚು ಬಾಳಿ: ಕೋತಿಗಳ ಪ್ರಯೋಗದಿಂದ ಸಾಬೀತು’ ಅಂತ ದಪ್ಪ ಅಕ್ಷರದಲ್ಲಿದೆ. ಕೆಳಗೆ ಒಂಬತ್ತು ಸಾಲು. ನಮ್ಮ ಅಪ್ಪ ಇದನ್ನು ಕತ್ತರಿಸಿ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು.

ಆಗ ಅಪ್ಪನಿಗೆ 74. ಮೊದಲಿನಿಂದಲೂ ಸಣಕಲು ಮೈ. ಸಕ್ಕರೆ ಕಾಯಿಲೆ ಇರಲಿಲ್ಲ, ಬಿಪಿಯೂ ಇರಲಿಲ್ಲ. ಈ ಸುದ್ದಿ ಓದಿದ ವಾರವೇ ಮಧ್ಯಾಹ್ನದ ಊಟ ಅರ್ಧ ಮಾಡಿದರು. ರಾತ್ರಿಯದ್ದನ್ನು ಬಿಟ್ಟೇಬಿಟ್ಟರು. ಯಾಕೆ ಅಂತ ಕೇಳಿದರೆ, ‘ಕೋತಿಗಳ ಮೇಲೆ ಇಪ್ಪತ್ತು ವರ್ಷ ನೋಡಿದ್ದಾರಮ್ಮ, ಸುಮ್ನೆ ಹೇಳಿದ್ದಲ್ಲ’ ಅನ್ನುತ್ತಿದ್ದರು. ಎರಡು ತಿಂಗಳಿಗೆ ಬೆಲ್ಟಿಗೆ ಮೊಳೆ ಕಾಯಿಸಿ ಹೊಸ ತೂತು ಮಾಡಿಕೊಂಡರು. ಆಮೇಲೆ ಅದರ ಪಕ್ಕಕ್ಕೆ ಇನ್ನೊಂದು. ತೂಕ ಇಳಿದಿದ್ದನ್ನು ಖುಷಿಯಿಂದಲೇ ತೋರಿಸುತ್ತಿದ್ದರು. ಕುರ್ಚಿಯಿಂದ ಏಳುವಾಗ ಎರಡೂ ಕೈ ಊರಿ ಏಳಲು ಶುರು ಮಾಡಿದ್ದು ಯಾವಾಗ ಅಂತ ನಮಗೆ ಯಾರಿಗೂ ನೆನಪಿಲ್ಲ. ನಾವು ಗಮನಿಸಬೇಕಿತ್ತು. ಎಂಟನೇ ತಿಂಗಳು ಬಚ್ಚಲಲ್ಲಿ ಬಿದ್ದರು. ಸೊಂಟದ ಮೂಳೆ ಮುರಿಯಿತು.

ಬಿದ್ದದ್ದಕ್ಕೆ ಆ ಒಂಬತ್ತು ಸಾಲೇ ಕಾರಣ ಅಂತ ನಾನು ಹೇಳುವುದಿಲ್ಲ. ಆ ವಯಸ್ಸಿಗೆ ಯಾರ ಕಾಲಾದರೂ ಜಾರಬಹುದು. ಆದರೆ ತೊಡೆಯ ಮಾಂಸಖಂಡ ಕರಗಿಹೋಗಿದೆ, ಜಾರಿದಾಗ ತಡೆದುಕೊಳ್ಳುವ ಶಕ್ತಿ ಕಾಲಿಗೆ ಇರಲಿಲ್ಲ ಅಂತ ಡಾಕ್ಟರ್ ಹೇಳಿದರು. ಊಟ ಯಾಕೆ ಬಿಟ್ಟಿರಿ ಅಂತ ಕೇಳಿದಾಗ ಅಪ್ಪ ಕನ್ನಡಕದ ಡಬ್ಬಿ ತೆಗೆಯಲು ಹೇಳಿದರು.

ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಆ ಕೋತಿಗಳ ಬಗ್ಗೆ ನನಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ ಮೇಲೆ ಆ ತುಣುಕನ್ನು ಮತ್ತೆ ಬಿಚ್ಚಿ ನೋಡಿದೆ. ತಲೆಬರಹದ ಕೆಳಗಿನ ಒಂಬತ್ತು ಸಾಲಿನಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಯಾವ ಕೋತಿ, ಎಷ್ಟು ದಪ್ಪ ಇತ್ತು, ಏನು ತಿನ್ನುತ್ತಿತ್ತು, ಅದನ್ನು ಯಾವುದರ ಜೊತೆ ಹೋಲಿಸಿದರು, ಇದೊಂದೂ ಅಲ್ಲಿ ಇರಲಿಲ್ಲ. ಅದನ್ನೇ ನಿಮಗೆ ಹೇಳಬೇಕು ಅಂತ ಇಷ್ಟು ಬರೆಯುತ್ತಿದ್ದೇನೆ.

ಕಡಿಮೆ ತಿಂದರೆ ಆಯಸ್ಸು ಜಾಸ್ತಿ ಅನ್ನುವ ಮಾತು ಪ್ರಯೋಗಾಲಯದಲ್ಲಿ ದೊಡ್ಡದಾಗಿ ಶುರುವಾಗಿದ್ದು ಇಲಿಗಳಿಂದ. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕ್‌ಕೇ ಮತ್ತು ಜೊತೆಯವರು ಎಳೆಯ ಇಲಿಗಳಿಗೆ ಕ್ಯಾಲೊರಿ ಕಡಿಮೆ ಮಾಡಿ, ಬೇಕಾದ ಪೋಷಕಾಂಶ ಮಾತ್ರ ತಪ್ಪದಂತೆ ಕೊಟ್ಟರು. ಅವು ಜಾಸ್ತಿ ದಿನ ಬದುಕಿದವು. ಅವುಗಳ ಬೆಳವಣಿಗೆಯೂ ಕುಂಠಿತವಾಗಿತ್ತು ಅನ್ನುವುದು ಅದೇ ವರದಿಯಲ್ಲಿದೆ. ಅಲ್ಲಿಂದ ಮುಂದೆ ಬೇರೆ ಬೇರೆ ಜೀವಿಗಳ ಮೇಲೆ ನೋಡುತ್ತಾ ಹೋದರು. ಮನುಷ್ಯರಿಗೆ ಇದು ಅನ್ವಯಿಸುತ್ತಾ ಅಂತ ತಿಳಿಯಲು ನಮಗೆ ಹತ್ತಿರದ ಪ್ರಾಣಿ ಬೇಕಿತ್ತು. ಹಾಗೆ ರೀಸಸ್ ಕೋತಿ ಬಂತು.

ಎರಡು ಕಡೆ ಪ್ರಯೋಗ ನಡೆಯಿತು. ಎರಡೂ ಅಮೆರಿಕದಲ್ಲೇ. ಅಲ್ಲಿನ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆ 1987ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಶುರು ಮಾಡಿತು. ಒಟ್ಟು 121 ಕೋತಿ. ಇನ್ನೊಂದು ಮ್ಯಾಡಿಸನ್‌ನಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ್ದು. 1989ರಲ್ಲಿ 30 ಗಂಡು ಕೋತಿಗಳಿಂದ ಶುರುವಾಗಿ, 1994ರಲ್ಲಿ ಇನ್ನೂ 46 ಸೇರಿ, 76 ಆಯಿತು.

ಇಲ್ಲಿ ಒಂದು ಸಣ್ಣ ವಿಷಯ ಹೇಳಲೇಬೇಕು, ಯಾಕೆಂದರೆ ಅಪ್ಪ ಮಾಡಿದ್ದಕ್ಕೂ ಇದಕ್ಕೂ ಅಷ್ಟು ವ್ಯತ್ಯಾಸ. ವಿಸ್ಕಾನ್ಸಿನ್‌ನಲ್ಲಿ ಪ್ರತಿ ಕೋತಿಯೂ ತನ್ನಷ್ಟಕ್ಕೆ ಬಿಟ್ಟರೆ ದಿನಕ್ಕೆ ಎಷ್ಟು ತಿನ್ನುತ್ತದೆ ಅಂತ ಮೊದಲು ತಿಂಗಳುಗಟ್ಟಲೆ ಅಳೆದರು. ಒಂದೊಂದಕ್ಕೂ ಬೇರೆ ಬೇರೆ ಲೆಕ್ಕ. ಆಮೇಲೆ ತಿಂಗಳಿಗೆ 10% ಹಾಗೆ ಮೂರು ತಿಂಗಳಲ್ಲಿ 30% ಇಳಿಸಿದರು. ಇಳಿಸಿದ ಆಹಾರಕ್ಕೆ ವಿಟಮಿನ್, ಖನಿಜ ಬೇರೆಯಾಗಿ ಸೇರಿಸಿದರು. ಪ್ರಯೋಗ ಮುಗಿಯುವ ತನಕ ತೂಕ, ರಕ್ತ, ಮೂಳೆ ಎಲ್ಲವನ್ನೂ ನೋಡುತ್ತಲೇ ಇದ್ದರು. ಒಂದು ದಿನ ಬೆಳಗ್ಗೆ ಎದ್ದು ತಟ್ಟೆಯಲ್ಲಿ ಅರ್ಧ ತೆಗೆದಿಟ್ಟ ಹಾಗಲ್ಲ ಅದು.

2009ರಲ್ಲಿ ವಿಸ್ಕಾನ್ಸಿನ್ ತಂಡ ತನ್ನ ಇಪ್ಪತ್ತು ವರ್ಷದ ಫಲಿತಾಂಶ ಪ್ರಕಟಿಸಿತು. ಆಗ ಬಂದ ಫೋಟೋ ನಿಮಗೆ ನೆನಪಿರಬಹುದು. ಕ್ಯಾಂಟೋ ಮತ್ತು ಓವನ್ ಅನ್ನುವ ಎರಡು ಗಂಡು ಕೋತಿಗಳು ಅಕ್ಕಪಕ್ಕ. ಕ್ಯಾಂಟೋಗೆ ಕಡಿಮೆ ಆಹಾರ, ಓವನ್‌ಗೆ ಬೇಕಾದಷ್ಟು. ಕ್ಯಾಂಟೋನ ಮೈಮೇಲೆ ಕೂದಲು ದಟ್ಟವಾಗಿದೆ, ಕಣ್ಣು ಚುರುಕಾಗಿದೆ. ಓವನ್‌ನ ಕೂದಲು ಉದುರಿದೆ, ಮುಖ ಜೋತುಬಿದ್ದಿದೆ, ಬೆನ್ನು ಬಾಗಿದೆ. ಈ ಫೋಟೋ ನೋಡಿದ ಯಾರಿಗಾದರೂ ಊಟದ ತಟ್ಟೆ ಪಕ್ಕಕ್ಕೆ ಸರಿಸಬೇಕು ಅನಿಸುತ್ತದೆ. ನನಗೂ ಅನಿಸಿತು. ಆದರೆ ಕ್ಯಾಂಟೋಗೆ ಆಗ 27 ವರ್ಷ, ಓವನ್‌ಗೆ 29. ಕೋತಿಯ ಒಂದು ವರ್ಷ ನಮ್ಮ ಮೂರು ವರ್ಷಕ್ಕೆ ಸಮ ಅಂತ ಲೆಕ್ಕ. ಅಂದರೆ ಇಬ್ಬರ ನಡುವೆ ನಮ್ಮ ಲೆಕ್ಕದಲ್ಲಿ ಆರು ವರ್ಷದ ಅಂತರ. ಫೋಟೋ ಸುಳ್ಳಲ್ಲ. ಆದರೆ ಎರಡೇ ಕೋತಿ, ಅದರಲ್ಲೂ ಒಂದು ದೊಡ್ಡದು, ಅಂತ ಅಡಿಬರಹದಲ್ಲಿ ಒಂದು ಮಾತು ಹಾಕಬಹುದಿತ್ತು ಅಲ್ವಾ?

ಅಂಕಿಗಳು ಫೋಟೋಗಿಂತ ಗಟ್ಟಿಯಾಗಿವೆ. ಬೇಕಾದಷ್ಟು ತಿಂದ 38 ಕೋತಿಗಳಲ್ಲಿ 14 ಮುಪ್ಪಿನ ಕಾಯಿಲೆಗಳಿಂದ ಸತ್ತಿದ್ದವು. ಕಡಿಮೆ ತಿಂದ 38ರಲ್ಲಿ 5 ಮಾತ್ರ. ಮೊದಲ ಗುಂಪಿನಲ್ಲಿ 5 ಕೋತಿಗಳಿಗೆ ಮಧುಮೇಹ, ಇನ್ನೂ 11ಕ್ಕೆ ಅದರ ಹೊಸ್ತಿಲಲ್ಲಿ ನಿಂತ ಸ್ಥಿತಿ. ಎರಡನೇ ಗುಂಪಿನಲ್ಲಿ ಒಂದಕ್ಕೂ ಇಲ್ಲ. ಹೃದಯದ ಕಾಯಿಲೆ, ಕ್ಯಾನ್ಸರ್ ಅರ್ಧಕ್ಕೆ ಅರ್ಧ ಕಡಿಮೆ. ವಯಸ್ಸಾದಂತೆ ಸ್ನಾಯು ಸವೆಯುವುದೂ ಅವುಗಳಲ್ಲಿ ನಿಧಾನವಾಗಿತ್ತು. ಇದು ಸಣ್ಣ ಸಂಗತಿ ಅಲ್ಲ. ಇದನ್ನು ಮುಚ್ಚಿಟ್ಟು ನನ್ನ ದೂರು ಹೇಳುವುದು ನ್ಯಾಯವೂ ಅಲ್ಲ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು. ಕೆಲವು ಕೋತಿಗಳು ಅರಿವಳಿಕೆ ಕೊಟ್ಟಾಗ ಸತ್ತಿದ್ದವು. ಕೆಲವು ಹೊಟ್ಟೆ ಉಬ್ಬರಿಸಿ ಸತ್ತಿದ್ದವು, ಕೆಲವು ಗಾಯವಾಗಿ. ಮುಪ್ಪಿಗೆ ಸಂಬಂಧ ಇಲ್ಲ ಅಂತ ಇವನ್ನು ಲೆಕ್ಕದಿಂದ ಹೊರಗಿಟ್ಟಿದ್ದರು. ಎಲ್ಲ ಸಾವುಗಳನ್ನೂ ಸೇರಿಸಿದರೆ, ಆ ಹೊತ್ತಿಗೆ ಎರಡು ಗುಂಪುಗಳ ವ್ಯತ್ಯಾಸ ಗಟ್ಟಿಯಾಗಿ ಹೇಳುವಷ್ಟು ಇರಲಿಲ್ಲ. 2014ರಲ್ಲಿ ಇನ್ನಷ್ಟು ವರ್ಷಗಳ ಮಾಹಿತಿ ಸೇರಿದ ಮೇಲೆ ಎಲ್ಲ ಸಾವುಗಳ ಲೆಕ್ಕದಲ್ಲೂ ಕಡಿಮೆ ತಿಂದ ಕೋತಿಗಳೇ ಮುಂದಿದ್ದವು. ಹೀಗೆ ನಿಧಾನವಾಗಿ ಕೂಡಿಬಂದ ಉತ್ತರವನ್ನು ‘ಸಾಬೀತು’ ಅನ್ನುವ ಒಂದೇ ಪದದಲ್ಲಿ ಮುಗಿಸಿಬಿಟ್ಟಿರಿ.

ಈ ನಡುವೆ 2012 ಬಂತು. ಮೇರಿಲ್ಯಾಂಡ್‌ನ ತಂಡ ತನ್ನ ಫಲಿತಾಂಶ ಹೇಳಿತು. ಕಡಿಮೆ ತಿಂದ ಕೋತಿಗಳು ಜಾಸ್ತಿ ಬಾಳಲಿಲ್ಲ. ಆರೋಗ್ಯದಲ್ಲಿ ಕೆಲವು ಲಾಭ ಕಂಡಿತ್ತು, ಆಯಸ್ಸಿನಲ್ಲಿ ಇಲ್ಲ.

ಒಂದೇ ಜಾತಿಯ ಕೋತಿ, ಒಂದೇ ಪ್ರಶ್ನೆ, ಎರಡು ಉತ್ತರ. ನನಗೆ ಇಡೀ ಕಥೆಯಲ್ಲಿ ಮುಖ್ಯ ಅನಿಸಿದ ಭಾಗ ಇದು. ಇಲ್ಲೇ ಸ್ವಲ್ಪ ನಿಲ್ಲುತ್ತೇನೆ. ನೀವೂ ನಿಲ್ಲಿ.

ಎರಡೂ ಕಡೆ ಕೋತಿಗಳು ತಿನ್ನುತ್ತಿದ್ದ ಆಹಾರವೇ ಬೇರೆ. ವಿಸ್ಕಾನ್ಸಿನ್‌ನಲ್ಲಿ ಶುದ್ಧೀಕರಿಸಿದ ಪದಾರ್ಥಗಳಿಂದ ಮಾಡಿದ ಆಹಾರ. ತೂಕದಲ್ಲಿ 28.5% ಸಕ್ಕರೆ. ಮೇರಿಲ್ಯಾಂಡ್‌ನಲ್ಲಿ ಗೋಧಿ, ಜೋಳ, ಸೋಯಾ, ಮೀನು ಇಂಥವುಗಳಿಂದ ಮಾಡಿದ್ದು. ಸಕ್ಕರೆ 3.9%. ಅಂದರೆ ಒಂದು ಕಡೆ ಇನ್ನೊಂದು ಕಡೆಗಿಂತ ಏಳು ಪಟ್ಟು ಸಕ್ಕರೆ. ಇಷ್ಟೇ ಅಲ್ಲ. ವಿಸ್ಕಾನ್ಸಿನ್‌ನಲ್ಲಿ ಹೋಲಿಕೆಗೆ ಇಟ್ಟ ಕೋತಿಗಳಿಗೆ ತಿಂದಷ್ಟೂ ಕೊಡುತ್ತಿದ್ದರು. ಮೇರಿಲ್ಯಾಂಡ್‌ನಲ್ಲಿ ಹೋಲಿಕೆಯ ಕೋತಿಗಳಿಗೂ ಅಳೆದೇ ಕೊಡುತ್ತಿದ್ದರು, ದಪ್ಪ ಆಗದಿರಲಿ ಅಂತ. ಅವುಗಳ ತೂಕ ವಿಸ್ಕಾನ್ಸಿನ್‌ನ ಜೊತೆಗಾರರಿಗಿಂತ ಕಡಿಮೆ ಇತ್ತು.

ಈಗ ಯೋಚನೆ ಮಾಡಿ. ವಿಸ್ಕಾನ್ಸಿನ್‌ನಲ್ಲಿ ಹೋಲಿಸಿದ್ದು ಸಕ್ಕರೆ ತುಂಬಿದ ಆಹಾರವನ್ನು ಹೊಟ್ಟೆ ಬಿರಿಯ ತಿಂದ ಕೋತಿಯನ್ನು, ಅದೇ ಆಹಾರವನ್ನು 30% ಕಡಿಮೆ ತಿಂದ ಕೋತಿಯ ಜೊತೆ. ಮೇರಿಲ್ಯಾಂಡ್‌ನಲ್ಲಿ ಹೋಲಿಸಿದ್ದು ಹಿತಮಿತವಾಗಿ ತಿಂದ ಕೋತಿಯನ್ನು, ಅದಕ್ಕಿಂತಲೂ ಕಡಿಮೆ ತಿಂದ ಕೋತಿಯ ಜೊತೆ. ಮೊದಲನೆಯದರಲ್ಲಿ ಲಾಭ ಎದ್ದು ಕಂಡಿತು. ಎರಡನೆಯದರಲ್ಲಿ ಕಾಣಲಿಲ್ಲ. ಅತಿಯಾಗಿ ತಿನ್ನುವವರು ಕಡಿಮೆ ಮಾಡಿದರೆ ಒಳ್ಳೆಯದು, ಆಗಲೇ ಮಿತವಾಗಿ ತಿನ್ನುವವರು ಇನ್ನೂ ಕಡಿಮೆ ಮಾಡಿದರೆ ಸಿಗುವುದು ಅಷ್ಟೇನಿಲ್ಲ ಅಂತ ಇದನ್ನು ಓದಬಹುದು. ನಾನು ಹಾಗೆಯೇ ಓದುತ್ತೇನೆ. ನಮ್ಮ ಅಪ್ಪ ಯಾವ ಕೋತಿ? ಮೇರಿಲ್ಯಾಂಡ್‌ನ ಹೋಲಿಕೆಯ ಕೋತಿ. ಮೊದಲೇ ತೆಳ್ಳಗೆ, ಮೊದಲೇ ಮಿತ. ಅವರಿಗೆ ನೀವು ವಿಸ್ಕಾನ್ಸಿನ್‌ನ ಓವನ್‌ಗೆ ಹೇಳಬೇಕಾದ ಮಾತು ಹೇಳಿದಿರಿ.

2017ರಲ್ಲಿ ಎರಡು ತಂಡಗಳೂ ಕೂತು ತಮ್ಮ ಮಾಹಿತಿ ಒಟ್ಟುಗೂಡಿಸಿ ಒಂದೇ ವರದಿ ಬರೆದವು. ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ವಿರುದ್ಧ ಬಂದಾಗ ಜಗಳ ಮುಂದುವರಿಸದೆ ಹೀಗೆ ಜೊತೆಗೆ ಕೂತದ್ದು ನನಗೆ ತುಂಬ ದೊಡ್ಡದಾಗಿ ಕಂಡಿತು. ಕಡಿಮೆ ಕ್ಯಾಲೊರಿಯಿಂದ ಕೋತಿಗಳ ಆರೋಗ್ಯ ಸುಧಾರಿಸುತ್ತದೆ, ಬದುಕುವ ಸಾಧ್ಯತೆಯೂ ಹೆಚ್ಚುತ್ತದೆ ಅಂತ ಅವರು ಒಪ್ಪಿದರು. ಜೊತೆಗೆ ಎಚ್ಚರಿಕೆಯ ಮಾತುಗಳೂ ಇದ್ದವು. ಯಾವ ವಯಸ್ಸಿಗೆ ಶುರು ಮಾಡಿದರು ಅನ್ನುವುದು ಮುಖ್ಯ. ಇಲಿಗಳಲ್ಲಿ ಎಳೆ ವಯಸ್ಸಿಗೆ ಶುರು ಮಾಡಿದರೆ ಲಾಭ ಜಾಸ್ತಿ. ಕೋತಿಗಳಲ್ಲಿ ಹಾಗಾಗಲಿಲ್ಲ. ಬೆಳೆಯುವ ವಯಸ್ಸಿನ ಕೋತಿಗಳಿಗೆ ಆಹಾರ ಕಡಿಮೆ ಮಾಡಿದ್ದರಿಂದ ಅಂಥ ಪ್ರಯೋಜನ ಕಾಣಲಿಲ್ಲ. ಗಂಡು ಹೆಣ್ಣು ಅನ್ನುವುದೂ ಮುಖ್ಯ. ಮೈಯ ಕೊಬ್ಬಿನಿಂದ ಆಗುವ ತೊಂದರೆ ಹೆಣ್ಣು ಕೋತಿಗಳಿಗೆ ಗಂಡುಗಳಷ್ಟು ಇರಲಿಲ್ಲ.

ಮೇರಿಲ್ಯಾಂಡ್‌ನ ಒಂದು ಗಂಡು ಕೋತಿಗೆ 16ನೇ ವಯಸ್ಸಿಗೆ ಆಹಾರ ಕಡಿಮೆ ಮಾಡಲು ಶುರು ಮಾಡಿದ್ದರು. ಅದು 43 ವರ್ಷ ಬದುಕಿತ್ತು. ಸಾಕಿದ ರೀಸಸ್ ಕೋತಿ ಸರಾಸರಿ 26 ವರ್ಷದ ಹತ್ತಿರ ಬದುಕುತ್ತದೆ, 40 ದಾಟಿದ್ದೇ ಅಪರೂಪ. ಓದುವಾಗ ನನಗೂ ಮೈ ಜುಂ ಅಂದಿತು. ಆದರೆ ಅಲ್ಲಿ ವಯಸ್ಸಾದ ಮೇಲೆ ಪ್ರಯೋಗಕ್ಕೆ ಸೇರಿಸಿದ ಕೋತಿಗಳಲ್ಲಿ ಹೋಲಿಕೆಯ ಗುಂಪಿನವು ತಿನ್ನುತ್ತಿದ್ದದ್ದೂ ಹೆಚ್ಚು ಕಡಿಮೆ ವಿಸ್ಕಾನ್ಸಿನ್‌ನ ಕಡಿಮೆ ತಿನ್ನುವ ಕೋತಿಗಳಷ್ಟೇ. ಅವೂ ದೀರ್ಘ ಕಾಲ ಬಾಳಿದವು. ಮತ್ತೆ ಅದೇ ಪ್ರಶ್ನೆ ಬಂತು ನೋಡಿ: ಯಾವುದಕ್ಕೆ ಹೋಲಿಸಿ ಕಡಿಮೆ?

ಬೇರೆ ಪ್ರಾಣಿಗಳ ಕಥೆಯೂ ಸರಳ ಇಲ್ಲ. ಇಲಿಗಳ ಹಲವು ತಳಿಗಳನ್ನು ಒಟ್ಟಿಗೆ ನೋಡಿದಾಗ ಕೆಲವು ತಳಿಗಳು ಕಡಿಮೆ ತಿಂದು ಬೇಗ ಸತ್ತವು. ಫ್ರಾನ್ಸ್‌ನಲ್ಲಿ ಕೋತಿಗಳ ದೂರದ ನೆಂಟರಾದ ಪುಟ್ಟ ಲೀಮರ್‌ಗಳ ಮೇಲೆ ಮಾಡಿದ ಪ್ರಯೋಗದ ವರದಿ 2018ರಲ್ಲಿ ಬಂತು. 30% ಕಡಿಮೆ ತಿಂದವುಗಳ ಮಧ್ಯಮ ಆಯಸ್ಸು, ಅಂದರೆ ಅರ್ಧದಷ್ಟು ಪ್ರಾಣಿಗಳು ದಾಟುವ ವಯಸ್ಸು, 6.4 ವರ್ಷದಿಂದ 9.6ಕ್ಕೆ ಏರಿತ್ತು. ಆದರೆ ಅವುಗಳ ಮಿದುಳಿನ ಬೂದು ಭಾಗ ಬೇಗ ಸವೆದಿತ್ತು. ಬುದ್ಧಿಶಕ್ತಿಯಲ್ಲಿ ಅದರ ಪರಿಣಾಮ ಕಾಣಲಿಲ್ಲ ಅಂತಲೂ ಬರೆದಿದ್ದಾರೆ.

ಮನುಷ್ಯರ ಮೇಲೆಯೂ ನೋಡಿದ್ದಾರೆ. ಕ್ಯಾಲರೀ ಅನ್ನುವ ಹೆಸರಿನ ಪ್ರಯೋಗ, ಅಮೆರಿಕದಲ್ಲಿ, ಎರಡು ವರ್ಷ, 218 ಜನ. 25% ಕಡಿಮೆ ಮಾಡಬೇಕು ಅಂತ ಗುರಿ ಇತ್ತು. ತಜ್ಞರು ಬೆನ್ನಿಗಿದ್ದರೂ ಜನರಿಗೆ ಸರಾಸರಿ ಆಗಿದ್ದು 12% ಹತ್ತಿರ. ಅಷ್ಟಕ್ಕೇ ರಕ್ತದೊತ್ತಡ, ಕೊಲೆಸ್ಟ್ರಾಲ್ ಇಳಿದವು. 2023ರಲ್ಲಿ ಅದೇ ಜನರ ರಕ್ತದ ಮಾದರಿ ನೋಡಿ, ಮುಪ್ಪಿನ ವೇಗ ಒಂದು ಅಳತೆಯಲ್ಲಿ 2ರಿಂದ 3% ನಿಧಾನವಾಗಿದೆ ಅಂದರು. ಬೇರೆ ಎರಡು ಅಳತೆಗಳಲ್ಲಿ ಬದಲಾವಣೆ ಕಾಣಲಿಲ್ಲ. ಮತ್ತು ಸೊಂಟದ, ಬೆನ್ನಿನ ಮೂಳೆ ಸಾಂದ್ರತೆ ಕಡಿಮೆಯಾಗಿತ್ತು.

ಸೊಂಟದ ಮೂಳೆ. ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಇದನ್ನು ಓದಿದಾಗ ನನಗೆ ಏನನಿಸಿರಬೇಕು ಅಂತ ನೀವೇ ಊಹಿಸಿ. ಆ ಪ್ರಯೋಗಕ್ಕೆ 50 ದಾಟಿದವರನ್ನು ಸೇರಿಸಿಕೊಂಡೇ ಇರಲಿಲ್ಲ. ತೂಕ ಕಡಿಮೆ ಇದ್ದವರನ್ನೂ ಇಲ್ಲ. 74 ವರ್ಷದ ಸಣಕಲು ಮನುಷ್ಯನಿಗೆ ಆ ಫಲಿತಾಂಶದಲ್ಲಿ ಹೇಳಿದ್ದು ಏನೂ ಇಲ್ಲ. ಆ ವಯಸ್ಸಿನಲ್ಲಿ ಸ್ನಾಯು ಒಮ್ಮೆ ಹೋದರೆ ವಾಪಸ್ ಬರುವುದು ಎಷ್ಟು ಕಷ್ಟ ಅಂತ ಈಗ ನಾನು ದಿನಾ ನೋಡುತ್ತಿದ್ದೇನೆ. ಎದ್ದು ನಿಲ್ಲುವುದನ್ನು ಹತ್ತು ಸಲ ಮಾಡಿಸುತ್ತೇವೆ. ಏಳನೇ ಸಲಕ್ಕೆ ಅವರ ಮೊಣಕಾಲು ನಡುಗುತ್ತದೆ.

ಇನ್ನೊಂದು ಮಾತು ಆ ಕೋತಿಗಳ ಪರವಾಗಿ. ಯಾವುದು ಎಷ್ಟು ತಿಂದಿತು ಅಂತ ಅಳೆಯಬೇಕಲ್ಲ, ಅದಕ್ಕೇ ಒಂದೊಂದಕ್ಕೂ ಬೇರೆ ಪಂಜರ. ಕೋತಿ ಗುಂಪಿನಲ್ಲಿ ಬದುಕುವ ಪ್ರಾಣಿ. ಇಪ್ಪತ್ತು, ಮೂವತ್ತು ವರ್ಷ ಅವು ಹಾಗೇ ಕಳೆದವು. ಅವುಗಳಲ್ಲಿ ಅರ್ಧದಷ್ಟು ಕೋತಿಗಳು ದಿನಾ ಹಸಿದಿದ್ದವು. ಇದು ಸರಿಯೋ ತಪ್ಪೋ ಅಂತ ನನ್ನ ಮನಸ್ಸಿನಲ್ಲೂ ಇನ್ನೂ ತೀರ್ಮಾನವಾಗಿಲ್ಲ. ಆದರೆ ಅಷ್ಟು ಕೊಟ್ಟು ಅವು ಹೇಳಿದ ಉತ್ತರವನ್ನು ಪೂರ್ತಿ ಬರೆಯುವುದು ನಮ್ಮ ಕೆಲಸ. ವಿಜ್ಞಾನಿಗಳು ಪೂರ್ತಿ ಬರೆದಿದ್ದಾರೆ. ಸಕ್ಕರೆಯ ಲೆಕ್ಕ, ತೂಕದ ಲೆಕ್ಕ, ಅರಿವಳಿಕೆಯಲ್ಲಿ ಸತ್ತವುಗಳ ಲೆಕ್ಕ ಎಲ್ಲ ಅವರ ವರದಿಯಲ್ಲೇ ಇದೆ. ನಿಮ್ಮ ಪುಟಕ್ಕೆ ಬರುವ ಹೊತ್ತಿಗೆ ಅವು ಉದುರಿಹೋಗಿವೆ.

ಜಾಗ ಇರುವುದಿಲ್ಲ ಅಂತ ನೀವು ಹೇಳಬಹುದು. ನಿಜ, ಒಂಬತ್ತು ಸಾಲಿನಲ್ಲಿ ಎಷ್ಟು ಹಿಡಿಯುತ್ತೆ ಅಂತ ನಾನೂ ಕೂತು ಬರೆದು ನೋಡಿದೆ. ನಾಲ್ಕೈದು ಸಲ ಹರಿದುಹಾಕಿದ ಮೇಲೆ ಹೀಗೆ ಬಂತು:

‘ಜಾಸ್ತಿ ತಿನ್ನುವವರು ಕಡಿಮೆ ಮಾಡಿದರೆ ಲಾಭ: ಕೋತಿಗಳಿಂದ ಸುಳಿವು. ಸಕ್ಕರೆ ಹೆಚ್ಚಿರುವ ಆಹಾರವನ್ನು ಬೇಕಾದಷ್ಟು ತಿಂದ ಕೋತಿಗಳಿಗಿಂತ, ಅದನ್ನೇ 30% ಕಡಿಮೆ ತಿಂದ ಕೋತಿಗಳಿಗೆ ಮಧುಮೇಹ, ಹೃದಯದ ಕಾಯಿಲೆ, ಕ್ಯಾನ್ಸರ್ ಕಡಿಮೆ ಬಂದಿವೆ. ಅವು ಹೆಚ್ಚು ಕಾಲ ಬದುಕಿವೆ. ಮೊದಲೇ ಅಳತೆಯಲ್ಲಿ ತಿನ್ನುತ್ತಿದ್ದ ಕೋತಿಗಳ ಇನ್ನೊಂದು ಪ್ರಯೋಗದಲ್ಲಿ ಆಯಸ್ಸು ಹೆಚ್ಚಲಿಲ್ಲ. ಕಡಿಮೆ ತಿಂದ ಕೋತಿಗಳಿಗೆ ವಿಟಮಿನ್, ಖನಿಜ ತಪ್ಪದೆ ಕೊಡಲಾಗಿತ್ತು. ಮನುಷ್ಯರ ಪ್ರಯೋಗದಲ್ಲಿ ಮೂಳೆ ಸಾಂದ್ರತೆ ಇಳಿದಿದೆ, ಅದರಲ್ಲಿ ವಯಸ್ಸಾದವರು ಇರಲಿಲ್ಲ. ತೆಳ್ಳಗಿರುವವರು, ಹಿರಿಯರು, ಬೆಳೆಯುವ ಮಕ್ಕಳು ಡಾಕ್ಟರನ್ನು ಕೇಳದೆ ಊಟ ಕಡಿಮೆ ಮಾಡಬಾರದು.’

ನಿಮ್ಮ ಅಳತೆಗೆ ಹಾಕಿದರೆ ಇದು ಮೂರೋ ನಾಲ್ಕೋ ಸಾಲು ಜಾಸ್ತಿ ಆಗಬಹುದು. ಅಷ್ಟು ಜಾಗ ಕೊಡಿ. ಕೊಡಲು ಆಗದ ದಿನ ಆ ಸುದ್ದಿಯನ್ನು ಇನ್ನೊಂದು ದಿನಕ್ಕೆ ಇಡಿ. ಕೋತಿಗಳು ಮೂವತ್ತು ವರ್ಷ ಕಾದಿವೆ, ಓದುಗರು ಒಂದು ವಾರ ಕಾಯುತ್ತಾರೆ. ಮತ್ತೆ, 2009ರಲ್ಲಿ ‘ಹೌದು’ ಅಂತ ಬರೆದವರು 2012ರಲ್ಲಿ ‘ಇಲ್ಲ’ ಬಂದಾಗ ಅದನ್ನೂ ಅಷ್ಟೇ ದೊಡ್ಡದಾಗಿ ಹಾಕಬೇಕು. 2017ರಲ್ಲಿ ಎರಡನ್ನೂ ಸೇರಿಸಿ ವಿವರಿಸಿದಾಗ ಇನ್ನೂ ದೊಡ್ಡದಾಗಿ ಹಾಕಬೇಕು. ನಮ್ಮ ಅಪ್ಪ ಆ ಪೇಪರನ್ನು ದಿನಾ ಮೊದಲ ಪುಟದಿಂದ ಕೊನೆಯ ಪುಟದ ತನಕ ಓದುವವರು. ಆಮೇಲಿನ ಎರಡು ಸುದ್ದಿ ಅವರ ಕಣ್ಣಿಗೇ ಬಿದ್ದಿಲ್ಲ.

ಅಪ್ಪ ಈಗ ವಾಕರ್ ಹಿಡಿದು ಅಂಗಳದ ತನಕ ಹೋಗಿ ಬರುತ್ತಾರೆ. ಪೇಪರ್ ಓದುವುದನ್ನು ಬಿಟ್ಟಿಲ್ಲ. ಆರೋಗ್ಯ ಪುಟದಲ್ಲಿ ಏನಾದರೂ ಹೊಸದು ಬಂದರೆ ಗುರುತು ಹಾಕಿ ನನ್ನ ಕೈಗೆ ಕೊಟ್ಟು, ‘ಇದರಲ್ಲಿ ಬಿಟ್ಟಿದ್ದೇನು ನೋಡಮ್ಮ’ ಅನ್ನುತ್ತಾರೆ. ಹೋದ ವಾರ ಎರಡು ಕೊಟ್ಟಿದ್ದಾರೆ. ಈ ಪತ್ರ ಮುಗಿಸಿ ಅವನ್ನು ಓದಲು ಕೂರಬೇಕು.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು